ಹೆರಿಗೆ ಮಾಡಿಸಿದವಳ ಸಂಬಳ

ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು. ದೇಶದ ದಾದಿಯರು ಎಷ್ಟು ಸಂಬಳಕ್ಕೆ ದುಡಿಯುತ್ತಿದ್ದಾರೆ, ಎಲ್ಲಿ ಉಳಿದುಕೊಳ್ಳುತ್ತಿದ್ದಾರೆ, ಕಲಿಕೆ ಮುಗಿಸಿದ ಮೇಲೆ ಎಷ್ಟು ಮಂದಿ ಕೆಲಸದಲ್ಲಿ ನಿಲ್ಲುತ್ತಿದ್ದಾರೆ ಎಂದು ನೋಡಲು 1954ರಲ್ಲಿ ಒಂದು ಸಮಿತಿ ಕೂತಿತು. ಅದರ ಅಧ್ಯಕ್ಷರು ಮದರಾಸು ಸರ್ಕಾರದ ಆರೋಗ್ಯ ಮಂತ್ರಿ ಎ.ಬಿ. ಶೆಟ್ಟಿ. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದ ಅತ್ತಾವರ ಬಾಲಕೃಷ್ಣ ಶೆಟ್ಟರೇ ಅವರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದ ಜಿಲ್ಲೆ. ಬ್ಯಾಂಕಿನ ಶೆಟ್ಟರನ್ನು ಕರಾವಳಿ ಇಂದಿಗೂ ನೆನೆಯುತ್ತದೆ. ದಾದಿಯರ ಸಂಬಳದ ಲೆಕ್ಕ ನೋಡಿದ ಶೆಟ್ಟರು ಮಾತ್ರ ದಾದಿಯರ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾಗಿ ಉಳಿದಿದ್ದಾರೆ. ಶೆಟ್ಟಿ ಸಮಿತಿಗೆ ಸಿಗಬೇಕಾದ ಜಾಗ ಅದಕ್ಕಿಂತ ದೊಡ್ಡದು. ಹೆರಿಗೆ ಮಾಡಿಸುವ ಹೆಂಗಸಿಗೆ ಸಂಬಳ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಆ ಹೊತ್ತಿಗೇ ಹಳೆಯದಾಗಿತ್ತು, ಇನ್ನೂ ತೀರಿಲ್ಲ.

ಸರ್ಕಾರಿ ಸಂಬಳ ಬರುವ ಮೊದಲು ಈ ಕೆಲಸಕ್ಕೆ ಕೂಲಿ ಇರಲಿಲ್ಲ, ಕಾಣಿಕೆ ಇತ್ತು. ಹಳ್ಳಿಯ ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿಯೋ ರಾಗಿಯೋ, ತೆಂಗಿನಕಾಯಿ, ಎಲೆಯಡಿಕೆ, ರವಿಕೆ ಕಣ, ಮೇಲೆ ಚಿಲ್ಲರೆ ಕಾಸು. ಉಳ್ಳವರ ಮನೆಯಾದರೆ ಸೀರೆ. ಗಂಡು ಹುಟ್ಟಿದರೆ ಒಂದು ಹಿಡಿ ಹೆಚ್ಚು, ಹೆಣ್ಣಾದರೆ ಕಡಿಮೆ ಎಂಬ ರೂಢಿ ಅನೇಕ ಕಡೆ ಇತ್ತು. ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸು ಹೂಳುವುದು, ಬಾಣಂತಿಯ ಬಟ್ಟೆ ಒಗೆಯುವುದು ಮೈಲಿಗೆಯ ಕೆಲಸವೆಂದು ಎಣಿಸಿದ್ದರಿಂದ ಅದನ್ನು ಹೆಚ್ಚಾಗಿ ದಲಿತ ಕೇರಿಯ ಹೆಂಗಸರ ಮೇಲೆ, ದಕ್ಷಿಣದ ಎಷ್ಟೋ ಊರುಗಳಲ್ಲಿ ಕ್ಷೌರಿಕರ ಮನೆಯ ಹೆಂಗಸರ ಮೇಲೆ ಹೊರಿಸಲಾಗಿತ್ತು. ಒಂದೇ ರಾತ್ರಿಯಲ್ಲಿ ಎರಡು ಜೀವ ಉಳಿಸುವ ವಿದ್ಯೆಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ್ದರ ಹಿಂದೆ ಇದ್ದದ್ದು ಜಾತಿ. ಸಂಬಳದ ಚರಿತ್ರೆ ಹೇಳುವಾಗ ಇದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡಿಗೆ ನಾಡೇ ಬಲ್ಲದು. ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ. ಹೊಟ್ಟೆಪಾಡಿಗೆ ಕೃಷಿ ಕೂಲಿ ಮಾಡಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ದೊಡ್ಡತನಕ್ಕೆ ಕೈಮುಗಿಯಲೇಬೇಕು. ಆದರೆ ನರಸಮ್ಮನವರು ಕಾಸಿಲ್ಲದೆ ಮಾಡಿದ ಕೆಲಸವು ಸರ್ಕಾರಗಳು, ಸ್ಥಳೀಯ ಸಂಸ್ಥೆಗಳು ಕಾಸು ಕೊಟ್ಟು ಮಾಡಿಸಬೇಕಾಗಿದ್ದ ಕೆಲಸ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಕಾಸು ಕೊಡುವ ಯೋಚನೆ ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾಯಿತು. ಮದರಾಸಿನ ಎಗ್ಮೋರಿನಲ್ಲಿ 1844ರಲ್ಲಿ ಹೆರಿಗೆ ಆಸ್ಪತ್ರೆ ಎದ್ದಿತ್ತು. ಮಿಡ್‌ವೈಫರನ್ನು ತರಬೇತುಗೊಳಿಸುವ ಶಾಲೆಗೆ 1854ರಲ್ಲಿ ಮಂಜೂರಾತಿ ಸಿಕ್ಕಿತು. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫ್ರಿನ್ ಹೆಸರಿನ ನಿಧಿ ಹುಟ್ಟಿ, ಭಾರತದ ಹೆಂಗಸರಿಗೆ ಹೆಣ್ಣು ವೈದ್ಯರು, ದಾದಿಯರು, ಮಿಡ್‌ವೈಫರು ಸಿಗಲೆಂದು ಚಂದಾ ಎತ್ತಲಾಯಿತು. ಇತ್ತ ಸ್ಥಳೀಯ ಸ್ವಯಮಾಡಳಿತ ಕುರಿತ 1882ರ ರಿಪ್ಪನ್ ನಿರ್ಣಯದ ಬೆನ್ನಿಗೇ 1884ರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳೆರಡರಲ್ಲೂ ಲೋಕಲ್ ಬೋರ್ಡ್ ಕಾನೂನುಗಳು ಬಂದವು. ಬಳ್ಳಾರಿ, ದಕ್ಷಿಣ ಕನ್ನಡ ಒಂದರಡಿ. ಧಾರವಾಡ, ಬೆಳಗಾವಿ, ವಿಜಯಪುರ ಇನ್ನೊಂದರಡಿ. ತರಬೇತಿ ಪಡೆದ ಹೆಂಗಸು ಒಂದು ಕಡೆ ತಯಾರಾಗುತ್ತಿದ್ದಳು, ಅವಳನ್ನು ನೇಮಿಸಿಕೊಳ್ಳಬಲ್ಲ ಸಂಸ್ಥೆ ಇನ್ನೊಂದು ಕಡೆ ತಯಾರಾಗುತ್ತಿತ್ತು.

ಆದರೆ ಬೋರ್ಡಿನ ಗಂಟು ಬಹಳ ಸಣ್ಣದು. ಭೂಕಂದಾಯದ ಮೇಲಿನ ಸೆಸ್, ಸಂತೆ ಸುಂಕ, ರಸ್ತೆಯ ಟೋಲು, ಸರ್ಕಾರದ ಒಂದಿಷ್ಟು ನೆರವು, ಅಷ್ಟೇ ಅದರ ಆದಾಯ. ಅದರಲ್ಲಿ ರಸ್ತೆ ಮತ್ತು ಶಾಲೆಗಳದು ಮೊದಲ ಪಾಲು. ಆಸ್ಪತ್ರೆ ನಡೆಸಬಹುದು, ಮಿಡ್‌ವೈಫರನ್ನು ಇಟ್ಟುಕೊಳ್ಳಬಹುದು ಎಂದು ಕಾನೂನು ಅನುಮತಿ ಕೊಟ್ಟಿತೇ ಹೊರತು ಇಟ್ಟುಕೊಳ್ಳಲೇಬೇಕು ಎನ್ನಲಿಲ್ಲ. ಮಳೆ ಕೈಕೊಟ್ಟು ಕಂದಾಯ ಬೀಳದ ವರ್ಷ ಖಾಲಿಯಾದ ಮಿಡ್‌ವೈಫ್ ಹುದ್ದೆಯನ್ನು ತುಂಬದೆ ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. 1926ರ ಮದರಾಸಿನ ನರ್ಸ್ ಮತ್ತು ಮಿಡ್‌ವೈಫ್ ಕಾನೂನು ಯಾರನ್ನು ಮಿಡ್‌ವೈಫ್ ಎನ್ನಬೇಕೆಂದು ಗೊತ್ತುಮಾಡಿತು, ಹೆಸರು ನೋಂದಾಯಿಸಿಕೊಂಡಿತು. ಅವಳಿಗೆ ಸಂಬಳ ಕೊಡುವ ಹೊಣೆಯನ್ನು ಯಾವ ಬೋರ್ಡಿನ ಮೇಲೂ ಹಾಕಲಿಲ್ಲ.

ಇದೇ ಕಾಲದಲ್ಲಿ ಈ ದೇಶವನ್ನು ಆಳುತ್ತಿದ್ದವರು ತಮ್ಮ ನಾಡಿನಲ್ಲಿ ಏನು ಮಾಡಿಕೊಂಡರು ಎಂದು ನೋಡಬೇಕು. ಇಂಗ್ಲೆಂಡಿನಲ್ಲೂ ಮಿಡ್‌ವೈಫರು ಹೆರಿಗೆಗೆ ಇಷ್ಟೆಂದು ಮನೆಮನೆಯಿಂದ ಫೀ ಪಡೆದು ಬದುಕುತ್ತಿದ್ದವರೇ. ಬಡವರ ಬೀದಿಯಲ್ಲಿ ಅದೂ ಕಂತಿನಲ್ಲಿ ಬರುತ್ತಿತ್ತು, ಬಾರದೆಯೂ ಇರುತ್ತಿತ್ತು. 1936ರಲ್ಲಿ ಅಲ್ಲಿನ ಪಾರ್ಲಿಮೆಂಟು ಹೊಸ ಮಿಡ್‌ವೈಫ್ ಕಾನೂನು ತಂದು, ಸಂಬಳದ ಮೇಲೆ ದುಡಿಯುವ ಮಿಡ್‌ವೈಫರು ಸಾಕಷ್ಟು ಇರುವಂತೆ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಕಡ್ಡಾಯ ಕರ್ತವ್ಯ ಎಂದಿತು. ವಯಸ್ಸಾದವರು ತಾವಾಗಿ ಸರ್ಟಿಫಿಕೇಟ್ ಹಿಂದಿರುಗಿಸಿದರೆ ಮೂರು ವರ್ಷದ ಗಳಿಕೆಯಷ್ಟು, ಆಡಳಿತವೇ ಬಿಡಿಸಿದರೆ ಐದು ವರ್ಷದ ಗಳಿಕೆಯಷ್ಟು ಪರಿಹಾರವನ್ನೂ ಇಟ್ಟಿತು. ಅದೇ ಪಾರ್ಲಿಮೆಂಟಿನ ಕೈಕೆಳಗಿದ್ದ ಬಳ್ಳಾರಿ, ಧಾರವಾಡದ ಬಾಣಂತಿಯರಿಗೆ ಅಂಥ ಒಂದು ಸಾಲೂ ಬರೆಯಲಾಗಲಿಲ್ಲ.

ಪರಿಣಾಮ ಎಷ್ಟು ಭೀಕರವಾಗಿತ್ತೆಂದು ಹತ್ತು ವರ್ಷದ ನಂತರ ಭೋರ್ ಸಮಿತಿ ಲೆಕ್ಕ ಹಾಕಿ ತೋರಿಸಿತು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸರ್ ಜೋಸೆಫ್ ಭೋರ್ ಅವರ ಸಮಿತಿಗೆ ಇಡೀ ಬ್ರಿಟಿಷ್ ಭಾರತದಲ್ಲಿ ಸಿಕ್ಕ ಮಿಡ್‌ವೈಫರು ಸುಮಾರು 5,000. ಅರವತ್ತು ಸಾವಿರ ಜನರಿಗೆ ಒಬ್ಬಳು. ದಾದಿಯರು 7,000, ನಲವತ್ತಮೂರು ಸಾವಿರಕ್ಕೆ ಒಬ್ಬಳು. ಹೆಲ್ತ್ ವಿಸಿಟರುಗಳು 750 ಮಾತ್ರ. ಸಾವಿರ ಹೆರಿಗೆಗೆ ಇಪ್ಪತ್ತು ತಾಯಂದಿರು ಸಾಯುತ್ತಿದ್ದರು, ವರ್ಷಕ್ಕೆ ಎರಡು ಲಕ್ಷ. ಒಂದು ಲಕ್ಷ ಮಿಡ್‌ವೈಫರು ಬೇಕು, ಅಷ್ಟು ಮಂದಿ ತಯಾರಾಗುವವರೆಗೆ ಊರ ಸೂಲಗಿತ್ತಿಯರಿಗೇ ಕಲಿಸಿ ಕೆಲಸ ಸಾಗಿಸೋಣ ಎಂದು ಸಮಿತಿ ಹೇಳಿತು. ಆ ‘ಅಲ್ಲಿಯವರೆಗೆ’ ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ನಡೆಯಿತು.

ಶೆಟ್ಟಿ ಸಮಿತಿ ಕೂತದ್ದು ಈ ಹಿನ್ನೆಲೆಯಲ್ಲಿ. ಅಷ್ಟರಲ್ಲಿ ಹೊಸ ಹುದ್ದೆಯೊಂದು ಹುಟ್ಟಿಯಾಗಿತ್ತು. ಪೂರ್ತಿ ತರಬೇತಿಯ ದಾದಿ ಬೇಕೆಂದರೆ ವರ್ಷಗಳು ಬೇಕು, ಸಂಬಳವೂ ಹೆಚ್ಚು. ಅದಕ್ಕಾಗಿ ಎರಡೇ ವರ್ಷದಲ್ಲಿ ತಯಾರಾಗುವ ಸಹಾಯಕ ದಾದಿ-ಮಿಡ್‌ವೈಫ್, ಅಂದರೆ ಇಂದಿನ ಎಎನ್‌ಎಂ. ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ 1951ರಲ್ಲಿ ಮೊದಲ ತರಗತಿ ನಡೆಯಿತು. ಮರುವರ್ಷ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ, ಬ್ಲಾಕಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆಯುವ ಮಾತಾಯಿತು. ವೈದ್ಯ, ಹೆಲ್ತ್ ವಿಸಿಟರ್, ಸ್ಯಾನಿಟರಿ ಇನ್‌ಸ್ಪೆಕ್ಟರ್ ಜೊತೆ ನಾಲ್ವರು ಮಿಡ್‌ವೈಫರು. ಕರ್ನಾಟಕದ ಹಳ್ಳಿಗಳ ‘ನರ್ಸಮ್ಮ’ ಬಂದದ್ದು ಹೀಗೆ: ಬಿಳಿ ಸೀರೆ, ಕೈಚೀಲ, ಬಸ್ಸಿಲ್ಲದ ಊರಿಗೆ ಕಾಲ್ನಡಿಗೆ.

ಇಲ್ಲಿಂದ ಮುಂದಿನ ಚರಿತ್ರೆಯಲ್ಲಿ ಒಂದು ವರಸೆ ಮತ್ತೆ ಮತ್ತೆ ಕಾಣುತ್ತದೆ. ಕೆಲಸ ಹೆಚ್ಚಾದಾಗ ಇದ್ದವಳ ಸಂಬಳ ಹೆಚ್ಚಿಸುವುದಿಲ್ಲ, ಅವಳ ಸಾಲಿಗೆ ಇನ್ನೊಬ್ಬಳನ್ನು ಸೇರಿಸುವುದೂ ಅಪರೂಪ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಅವಳಿಗಿಂತ ಅಗ್ಗಕ್ಕೆ, ಹೊಸ ಹೆಂಗಸೊಬ್ಬಳನ್ನು ತಂದು ನಿಲ್ಲಿಸಲಾಗುತ್ತದೆ. ದಾದಿಯ ಕೆಳಗೆ ಎಎನ್‌ಎಂ ಬಂದಳು. ಎಎನ್‌ಎಂ ಕೆಳಗೆ ಬಂದವರ ಸರದಿ ದೊಡ್ಡದು.

ಎಎನ್‌ಎಂ ಯಾರ ನೌಕರಳು ಎಂಬುದೂ ರಾಜ್ಯಕ್ಕೊಂದು ಥರವಾಯಿತು. ಮಹಾರಾಷ್ಟ್ರ 1961ರ ಕಾನೂನಿನಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿದಾಗ ಹಳ್ಳಿಯ ಆರೋಗ್ಯ ಕೇಂದ್ರವನ್ನೂ ಅದರ ಸಿಬ್ಬಂದಿಯನ್ನೂ ಪರಿಷತ್ತಿಗೆ ಒಪ್ಪಿಸಿತು. ಮೈಸೂರು ರಾಜ್ಯ 1959ರ ಗ್ರಾಮ ಪಂಚಾಯಿತಿ ಮತ್ತು ಲೋಕಲ್ ಬೋರ್ಡ್ ಕಾನೂನಿನಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ರಚಿಸಿತಾದರೂ ಅವುಗಳ ಆದಾಯ ಹಳೆಯ ಬೋರ್ಡುಗಳದಷ್ಟೇ ಸಣ್ಣದು. ಅರವತ್ತರ ದಶಕದಲ್ಲಿ ಕುಟುಂಬ ಯೋಜನೆಗೆ ಕೇಂದ್ರದ ದುಡ್ಡು ಹರಿಯತೊಡಗಿತು. ಹೆರಿಗೆಗೆಂದು ನೇಮಕವಾದ ಹೆಂಗಸಿನ ಸಂಬಳದ ಮೂಲ ದೆಹಲಿಯಾಯಿತು. ಕೆಲಸವೂ ದೆಹಲಿಯ ಕೆಲಸವೇ ಆಯಿತು.

ಅದರ ಕಹಿಯನ್ನು ತುರ್ತುಪರಿಸ್ಥಿತಿ ಉಣಿಸಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಎಂಬತ್ತು ಲಕ್ಷ ಮೀರಿದವು. ಗುರಿ ಮುಟ್ಟದ ಶಿಕ್ಷಕರ, ಆರೋಗ್ಯ ನೌಕರರ ಸಂಬಳ ತಡೆಹಿಡಿದ ಆದೇಶಗಳನ್ನು ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗ ದಾಖಲಿಸಿದೆ. ಮಾಡಿಸಿದ ಹೆರಿಗೆಗೆ ಎಎನ್‌ಎಂಗೆ ಯಾವ ಹೆಚ್ಚುವರಿ ಕಾಸೂ ಇರಲಿಲ್ಲ. ಆಪರೇಷನ್ನಿಗೆ ಕರೆತರಲಾಗದ ‘ಕೇಸಿ’ಗೆ ತಿಂಗಳ ಅನ್ನವೇ ಹೋಗುವ ಸ್ಥಿತಿ. ಕುಟುಂಬ ಯೋಜನೆಯ ಗುರಿಗಳನ್ನು ಸರ್ಕಾರ ಅಧಿಕೃತವಾಗಿ ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಎರಡು ತಲೆಮಾರಿನ ಎಎನ್‌ಎಂಗಳು ಹಳ್ಳಿಯವರ ಕಣ್ಣಿನಲ್ಲಿ ‘ಆಪರೇಷನ್ನಿಗೆ ಕರೆಯುವವಳು’ ಆಗಿಬಿಟ್ಟಿದ್ದರು.

ತುರ್ತುಪರಿಸ್ಥಿತಿಗೂ ಮುಂಚೆ, 1973ರ ಕರ್ತಾರ್ ಸಿಂಗ್ ಸಮಿತಿ ಮಲೇರಿಯಾ, ಸಿಡುಬು, ಕುಟುಂಬ ಯೋಜನೆ ಎಂದು ಬೇರೆ ಬೇರೆಯಾಗಿ ಓಡಾಡುತ್ತಿದ್ದ ಸಿಬ್ಬಂದಿಯನ್ನು ಒಗ್ಗೂಡಿಸಿ ‘ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರು’ ಎಂದು ಕರೆಯಿತು. ಮೂರು, ಮೂರೂವರೆ ಸಾವಿರ ಜನಕ್ಕೆ ಒಂದು ಉಪಕೇಂದ್ರ, ಅಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು ಎಂದಿತು. ಹೆಂಗಸಿನ ಹುದ್ದೆಗೆ ಬಂದವಳು ಎಎನ್‌ಎಂ. ಮುಂದೆ 1977ರಲ್ಲಿ ಅವಳ ತರಬೇತಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಲಸಿಕೆ, ರಿಜಿಸ್ಟರು, ಸಮೀಕ್ಷೆ, ಜ್ವರದ ರಕ್ತಲೇಪನ ಎಲ್ಲ ಅವಳ ಪಾಲಿಗೆ ಸೇರಿದವು, ಹೆರಿಗೆಯ ಕಲಿಕೆಯ ದಿನಗಳು ಕಡಿಮೆಯಾದವು. ಮಿಡ್‌ವೈಫ್ ಎಂಬ ವೃತ್ತಿಗೆ ಬಿದ್ದ ದೊಡ್ಡ ಪೆಟ್ಟು ಇದು. ಸಂಬಳ ಕಡಿಮೆಯಿದ್ದದ್ದಕ್ಕಿಂತ ಹೆಚ್ಚಿನ ಪೆಟ್ಟು ಎಂದರೂ ತಪ್ಪಿಲ್ಲ.

ಆಗ ಅವಳ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಕಟ್ಟಲ್ಪಟ್ಟವು. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಶುರುವಾದ ಅಂಗನವಾಡಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅಲ್ಲಿನ ಕಾರ್ಯಕರ್ತೆಗೆ ಸಂಬಳವಿಲ್ಲ, ಗೌರವಧನ. ಮೆಟ್ರಿಕ್ ಪಾಸಾಗಿದ್ದರೆ ತಿಂಗಳಿಗೆ 150 ರೂಪಾಯಿ, ಇಲ್ಲದಿದ್ದರೆ 100. ಎರಡು ವರ್ಷದ ನಂತರ ಬಂದ ಸಮುದಾಯ ಆರೋಗ್ಯ ಸ್ವಯಂಸೇವಕರಿಗೆ ತಿಂಗಳಿಗೆ 50 ರೂಪಾಯಿ. ಇನ್ನು ಊರ ಸೂಲಗಿತ್ತಿ. ಅವಳಿಗೆ ಮೂವತ್ತು ದಿನದ ತರಬೇತಿ. ಆ ಅವಧಿಗೆ 300 ರೂಪಾಯಿ, ಕೈಗೊಂದು ಹೆರಿಗೆ ಪೆಟ್ಟಿಗೆ, ಆಮೇಲೆ ಉಪಕೇಂದ್ರದಲ್ಲಿ ಹೆಸರು ದಾಖಲಾದ ಬಸುರಿಗೆ ಹೆರಿಗೆ ಮಾಡಿಸಿದರೆ ತಲಾ ಹತ್ತು ರೂಪಾಯಿ. ಮೊರದಲ್ಲಿ ಬರುತ್ತಿದ್ದ ಅಕ್ಕಿ, ಕಾಯಿಗೆ ಬದಲು ಸರ್ಕಾರ ಕಟ್ಟಿದ ಬೆಲೆ ಅದು. ಹೆಸರು ಬರೆಯಲು ಬಾರದ ಎಷ್ಟೋ ಸೂಲಗಿತ್ತಿಯರಿಗೆ ಆ ಹತ್ತು ರೂಪಾಯಿ ಪಡೆಯಲು ಬಸ್ಸು ಹತ್ತಿ ಆರೋಗ್ಯ ಕೇಂದ್ರಕ್ಕೆ ಹೋಗುವ ಖರ್ಚೇ ಭಾರ.

ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗೆ ನಿಜವಾದ ಬಲ ಬಂದ ಕಾಲವೊಂದಿದೆ. 1983ರ ಕಾನೂನು, 1987ರ ಚುನಾವಣೆ, ಅಂದಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರ ಹಟ. ಜಿಲ್ಲಾ ಪರಿಷತ್ತಿಗೆ ದುಡ್ಡೂ ಬಂತು, ನೌಕರರ ಮೇಲೆ ಕಣ್ಣಿಡುವ ಅಧಿಕಾರವೂ ಬಂತು. ಹಳ್ಳಿಯ ಶಿಕ್ಷಕರು, ಆರೋಗ್ಯ ಸಿಬ್ಬಂದಿ ಕೆಲಸಕ್ಕೆ ಸರಿಯಾಗಿ ಬರತೊಡಗಿದರೆಂದು ಆ ಪ್ರಯೋಗವನ್ನು ಅಭ್ಯಾಸ ಮಾಡಿದ ಹಲವರು ಬರೆದಿದ್ದಾರೆ. ಬಾರದವರನ್ನು ಕೇಳುವ ಹಕ್ಕು ಊರಿಗೆ ಸಿಕ್ಕಿದ್ದೇ ಅದಕ್ಕೆ ಕಾರಣ. ಆದರೆ ಕೇಳುವ ಹಕ್ಕು ಸಿಕ್ಕಷ್ಟು ಸಲೀಸಾಗಿ ಕೊಡುವ ಹಕ್ಕು ಸಿಗಲಿಲ್ಲ. ಎಷ್ಟು ಹುದ್ದೆ, ಎಷ್ಟು ವೇತನ, ಯಾವಾಗ ಬಡ್ತಿ ಎಂಬುದೆಲ್ಲ ಬೆಂಗಳೂರಿನಲ್ಲೇ ತೀರ್ಮಾನವಾಯಿತು. 1992ರ 73ನೇ ತಿದ್ದುಪಡಿ ಆರೋಗ್ಯ, ಕುಟುಂಬ ಕಲ್ಯಾಣ ಎರಡನ್ನೂ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಯ ವಿಷಯಗಳೆಂದು ಪಟ್ಟಿ ಮಾಡಿತು. ಮುಂದೆ ಉಪಕೇಂದ್ರಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಮುಕ್ತನಿಧಿ ಬಂದಾಗ ಅದನ್ನು ಎಎನ್‌ಎಂ ಮತ್ತು ಪಂಚಾಯಿತಿ ಪ್ರತಿನಿಧಿಯ ಜಂಟಿ ಖಾತೆಗೆ ಹಾಕಲಾಯಿತು. ಫಿನಾಯಿಲು, ಬಲ್ಬು, ಮುರಿದ ಬಾಗಿಲಿನ ರಿಪೇರಿಗೆ ಇಬ್ಬರೂ ಸೇರಿ ಚೆಕ್ಕಿಗೆ ಸಹಿ ಹಾಕುತ್ತಾರೆ. ಅವಳ ಸಂಬಳ ಮೂರು ತಿಂಗಳು ತಡವಾದರೆ ಪಂಚಾಯಿತಿ ಅಧ್ಯಕ್ಷರು ಮಾಡುವಂಥದ್ದು ಏನೂ ಇಲ್ಲ.

ನಗರದ ಕಥೆ ಬೇರೆ ರೀತಿ ಕೆಟ್ಟಿತು. ಬೆಂಗಳೂರು ಮಹಾನಗರ ಪಾಲಿಕೆ ಹೆರಿಗೆ ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿತು. ಬಡ ಬಡಾವಣೆಗಳ ಹೆಂಗಸರಿಗೆ ಅವೇ ಗತಿ. 1990ರ ದಶಕದ ಕೊನೆಯಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಅಲ್ಲಿಗೆ ಹೋಗಿ ಬಂದ ಬಾಣಂತಿಯರನ್ನು ಕೇಳಿ ನೋಡಿತು. ಹೆತ್ತ ಕೂಸಿನ ಮುಖ ನೋಡಲಿಕ್ಕೂ ಸಿಬ್ಬಂದಿಗೆ ದುಡ್ಡು ಕೊಡಬೇಕು ಎಂದು ತಾಯಂದಿರು ಹೇಳಿದರು. ಗಂಡಾದರೆ ಹೆಚ್ಚು, ಹೆಣ್ಣಾದರೆ ಕಡಿಮೆ. ಹಳ್ಳಿಯ ಮೊರದ ಲೆಕ್ಕಾಚಾರ ನಗರದ ಸಂಬಳದ ವಾರ್ಡಿನಲ್ಲಿ ಲಂಚವಾಗಿ ಮರುಹುಟ್ಟು ಪಡೆದಿತ್ತು. ಸಂಬಳ ಕಡಿಮೆಯಾದ್ದರಿಂದ ಲಂಚ ಎಂದು ಸಮರ್ಥಿಸುವುದು ಸಲ್ಲದು. ಅಂಥ ಕಾಸು ಮುಟ್ಟದ ದಾದಿಯರೂ ಇದ್ದರು. ಆದರೂ ಒಂದು ಹೆರಿಗೆ ಆಸ್ಪತ್ರೆಯ ಸ್ಥಿತಿ ಇಲ್ಲಿಗೆ ಮುಟ್ಟಬೇಕಾದರೆ ಅದನ್ನು ನಡೆಸುವ ಸಂಸ್ಥೆ ಒಳಗಿನ ಹೆಂಗಸರನ್ನು, ಮಲಗಿದವರನ್ನೂ ದುಡಿಯುವವರನ್ನೂ, ಬಹಳ ಕಾಲ ಮರೆತಿರಬೇಕು.

2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಉಪಕೇಂದ್ರಗಳಿಗೆ ಎರಡನೆಯ ಎಎನ್‌ಎಂ ಬಂದಳು, ಆದರೆ ಗುತ್ತಿಗೆಯ ಮೇಲೆ. ಒಂದೇ ಕೋಣೆ, ಒಂದೇ ಕೆಲಸ, ಒಂದೇ ಸರ್ಟಿಫಿಕೇಟು. ಒಬ್ಬಳಿಗೆ ವೇತನಶ್ರೇಣಿ, ತುಟ್ಟಿಭತ್ಯೆ; ಇನ್ನೊಬ್ಬಳಿಗೆ ವರ್ಷವರ್ಷ ನವೀಕರಣವಾಗುವ ಒಪ್ಪಂದದ ಒಂದು ಮೊತ್ತ. ಮರುವರ್ಷ, 2006ರ ಏಪ್ರಿಲ್ 10ರಂದು, ಕರ್ನಾಟಕ ರಾಜ್ಯ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ತೀರ್ಪಿತ್ತಿತು. ಅಲ್ಲಿಂದೀಚೆಗೆ ಗುತ್ತಿಗೆ ನೌಕರರ ಪ್ರತಿ ಅರ್ಜಿಯ ಮೇಲೂ ಆ ತೀರ್ಪಿನ ಹೆಸರು ಬಂದು ಕೂತಿತು. 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರು ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಸಂಬಳಕ್ಕಾದರೂ ಅರ್ಹರು ಎಂದಿತು. ಒಂದು ತೀರ್ಪನ್ನು ಇಲಾಖೆಗಳು ಅಂದೇ ಪಾಲಿಸಿದವು. ಇನ್ನೊಂದನ್ನು ಪಾಲಿಸುವಂತೆ ಕೇಳುತ್ತ ನೌಕರರು ಇನ್ನೂ ಬೀದಿಯಲ್ಲಿದ್ದಾರೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕೆಲಸ ನಿಲ್ಲಿಸಿ ಕೂತದ್ದು ಅದಕ್ಕೇ.

ಮೆಟ್ಟಿಲುಗಳ ಕೊನೆಗೆ ಆಶಾ. ಅವಳನ್ನು ಸರ್ಕಾರ ನೌಕರಳೆಂದೇ ಒಪ್ಪುವುದಿಲ್ಲ, ಕಾರ್ಯಕರ್ತೆ. ಹಳ್ಳಿಯ ಬಸುರಿಯನ್ನು ನೋಂದಾಯಿಸಿ, ತಪಾಸಣೆಗಳಿಗೆ ಕರೆದೊಯ್ದು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ 600 ರೂಪಾಯಿ. ಮಾಮೂಲು ಕೆಲಸಗಳಿಗೆಂದು ಕೇಂದ್ರ ಕೊಡುವ ಪ್ರೋತ್ಸಾಹಧನ 2018ರಲ್ಲಿ ತಿಂಗಳಿಗೆ ಒಂದು ಸಾವಿರದಿಂದ ಎರಡು ಸಾವಿರಕ್ಕೆ ಏರಿತು. ಬಸುರಿ ಕೊನೆಯ ಗಳಿಗೆಯಲ್ಲಿ ತವರಿಗೆ ಹೋದರೆ ಆಶಾಳ ತಿಂಗಳುಗಟ್ಟಲೆಯ ಓಡಾಟದ ಲೆಕ್ಕ ಯಾರ ಪುಸ್ತಕದಲ್ಲಿ ಬರೆಯಬೇಕು ಎಂಬ ಜಗಳ ಇಂದಿಗೂ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. 2025ರ ಜನವರಿಯಲ್ಲಿ ಅದೇ ಹೆಂಗಸರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಮಲಗಿ ತಿಂಗಳಿಗೆ 15 ಸಾವಿರ ಕೇಳಿದರು, 10 ಸಾವಿರದ ಖಾತರಿಯ ಭರವಸೆ ಪಡೆದು ಊರಿಗೆ ಮರಳಿದರು.

ಇಷ್ಟೆಲ್ಲದರ ನಡುವೆ ಈ ಹೆಂಗಸರು ಮಾಡಿ ತೋರಿಸಿದ್ದೇನು? 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ಮೂವತ್ತೆಂಟರಷ್ಟು. 2019–20ರ ಸಮೀಕ್ಷೆಗೆ ಅದು ತೊಂಬತ್ತೇಳಾಯಿತು. ಲಕ್ಷ ಹೆರಿಗೆಗೆ 2001–03ರಲ್ಲಿ 228 ಇದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿಯಿತು. ರಸ್ತೆ, 108 ಆಂಬುಲೆನ್ಸ್, ಹೆಣ್ಣುಮಕ್ಕಳ ಓದು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ಬಾಗಿಲು ತಟ್ಟಿದವರು, ತಾಯಿ ಕಾರ್ಡು ತುಂಬಿದವರು, ನಡುರಾತ್ರಿ ಫೋನ್ ಎತ್ತಿದವರು ಇವರೇ.

ಇಂದು ಕರ್ನಾಟಕದ ಒಂದು ಉಪಕೇಂದ್ರಕ್ಕೆ ಹೋದರೆ ಮೂರು ಬಗೆಯ ಹೆಂಗಸರು ಸಿಗುತ್ತಾರೆ. ಕಿರಿಯ ಆರೋಗ್ಯ ಸಹಾಯಕಿ ಎಂಬ ಹೆಸರು ಹೋಗಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿರುವ ಎಎನ್‌ಎಂಗೆ ರಾಜ್ಯದ ವೇತನ. ಬಿ.ಎಸ್ಸಿ. ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗೆ ಗುತ್ತಿಗೆ ಮೊತ್ತ, ಅದರ ಮೇಲೆ ಸಾಧನೆ ನೋಡಿ ಪ್ರೋತ್ಸಾಹಧನ. ಆಶಾಗೆ ಗೌರವಧನ, ಮೇಲೆ ಕೆಲಸ ಎಣಿಸಿ ಕಾಸು. ಹೆಚ್ಚು ಓದಿದವಳಿಗೆ ಹುದ್ದೆಯ ಭದ್ರತೆಯಿಲ್ಲ, ಹೆಚ್ಚು ನಡೆಯುವವಳಿಗೆ ಸಂಬಳವೇ ಇಲ್ಲ. ಆ ಕಟ್ಟಡ ನಿಂತಿರುವ ಊರಿನ ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಮೂವರ ಸಂಬಳವೂ ಇಲ್ಲ.

ಇಂಗ್ಲೆಂಡಿನ ಸ್ಥಳೀಯ ಆಡಳಿತದ ಮೇಲೆ 1936ರಲ್ಲಿ ಬಿದ್ದ ಹೊಣೆ ಇಲ್ಲಿ ಇನ್ನೂ ಯಾರ ಮೇಲೂ ಪೂರ್ತಿಯಾಗಿ ಬಿದ್ದಿಲ್ಲ. ಅದನ್ನು ಕಾನೂನಿನಲ್ಲೇ ಬರೆಯಬೇಕು: ಇಷ್ಟು ಜನಕ್ಕೆ ಇಷ್ಟು ಕಾಯಂ ಮಿಡ್‌ವೈಫರು, ತಿಂಗಳ ಮೊದಲ ವಾರ ಸಂಬಳ, ಅದಕ್ಕೆ ಬೇಕಾದ ದುಡ್ಡು ಹೆಸರು ಹೇಳಿ ಪಂಚಾಯಿತಿಗೆ. ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಮುಂದಿನ ಗ್ರಾಮಸಭೆಗೆ ಹೋದಾಗ, ಚರಂಡಿ ಮತ್ತು ಬೀದಿದೀಪದ ಜೊತೆಗೆ, ನಿಮ್ಮ ಊರಿನ ಎಎನ್‌ಎಂ ಹುದ್ದೆ ಭರ್ತಿಯಾಗಿದೆಯೇ, ಆಶಾಳಿಗೆ ಎಷ್ಟು ತಿಂಗಳ ಹಣ ಬಾಕಿಯಿದೆ ಎಂದು ಎದ್ದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.